ಲಡಾಖ್‌ನಲ್ಲಿ ಸಿಮೆಂಟ್ ಬೆರೆಸಿ ಕೂರಿಸಿದ ಮಣ್ಣು ಚಳಿಗಾಲ ತಡೆಯಬೇಕಾದರೆ ಎಷ್ಟು ಶೇಕಡ ಹಾಕಬೇಕು?

ರಸ್ತೆಯ ತಳದ ಕೆಲಸ ಅಕ್ಟೋಬರ್ ಮೊದಲ ವಾರ ಶುರು ಮಾಡ್ತೀವಿ, ಸಿಮೆಂಟ್ 4 ಶೇಕಡ ಸಾಕಾ 6 ಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಹಳೇ ಸಂಕಟ. ಆ ಅಕ್ಟೋಬರ್ ನನ್ನದೂ ಹೌದು.

ನಾನು ದಾವಣಗೆರೆ ಕಡೆಯವನು. ಲೇಹ್‌ಗೆ ಹೋಗುವ ಮುಂಚೆ ಎರೆಭೂಮಿಗೆ ಸುಣ್ಣ ಬೆರೆಸಿ ರಸ್ತೆಯ ತಳ ಮಾಡಿ ಪಳಗಿದ್ದೆ. ಅಲ್ಲಿ ತಲೆನೋವು ಒಂದೇ, ಮೇಲ್ಮೈ ಒಣಗದಂತೆ ಗೋಣಿ ಹಾಸಿ ನೀರು ಹೊಡೆಯೋದು. ಮಿಕ್ಕಿದ್ದನ್ನು ನಮ್ಮ ಬಿಸಿಲು ನೋಡಿಕೊಳ್ಳುತ್ತದೆ. ಅದೇ ಧೈರ್ಯದಲ್ಲಿ, 3,500 ಮೀಟರ್ ಎತ್ತರದಲ್ಲಿ, ಸಿಂಧೂ ಕಣಿವೆಯ ಒಂದು ಹಳ್ಳಿಯ ಪಕ್ಕದ ನುಣ್ಣನೆ ಹೂಳುಮಣ್ಣಿಗೆ 5 ಶೇಕಡ ಸಿಮೆಂಟ್ ಬೆರೆಸಿ ರೋಲರ್ ಓಡಿಸಿದೆ. ಪ್ರಾಕ್ಟರ್ ಸಾಂದ್ರತೆಯ, ಅಂದರೆ ಲ್ಯಾಬ್‌ನಲ್ಲಿ ಅದೇ ಮಣ್ಣನ್ನು ಕುಟ್ಟಿ ಪಡೆಯುವ ಗರಿಷ್ಠ ಸಾಂದ್ರತೆಯ, 98 ಶೇಕಡ ಬಂತು. ಹಗಲು ಶರ್ಟಿನ ತೋಳು ಮಡಚಿಕೊಂಡೇ ಕೆಲಸ. ರಾತ್ರಿ ಬಕೆಟ್ ನೀರು ಕಲ್ಲಾಗುತ್ತಿತ್ತು. ಬೆಳಿಗ್ಗೆ ಮುಖ ತೊಳೆಯೋಕೆ ಆ ಐಸನ್ನು ನಾನೇ ಒಡೆಯುತ್ತಿದ್ದೆ, ಆದರೂ ತಲೆಗೆ ಹೋಗಲಿಲ್ಲ.

ಈಗ ನನ್ನ ತಪ್ಪು. ಅದೇ ಮಿಶ್ರಣವನ್ನು ಅಚ್ಚಿಗೆ ಒತ್ತಿ ಸಿಲಿಂಡರ್‌ಗಳನ್ನು ಮಾಡಿ 7 ದಿನದ ಬಲದ ಪರೀಕ್ಷೆಗೆ ಎಲ್ಲಿಟ್ಟೆ ಗೊತ್ತಾ? ನಾವು ಮಲಗುವ ಕೋಣೆಯಲ್ಲಿ, ಬುಖಾರಿ ಒಲೆಯ ಹತ್ತಿರ. ಪರೀಕ್ಷೆಯ ನಿಯಮ ಹೇಳುವ ಕೋಡ್ ಪ್ರಕಾರ 27 ಡಿಗ್ರಿ ಸುತ್ತ ಇರಬೇಕಲ್ಲ! ಒತ್ತಿ ನೋಡಿದರೆ ಲೆಕ್ಕಕ್ಕಿಂತ ಜಾಸ್ತಿ ಬಲ. ರಿಪೋರ್ಟ್ ಬರೆದು, ಸಹಿ ಹಾಕಿ, ಊರಿಗೆ ಫೋನ್ ಮಾಡಿ ಜಂಬವನ್ನೂ ಕೊಚ್ಚಿಕೊಂಡೆ. ಕೋಡ್‌ನದೇನೂ ತಪ್ಪಿಲ್ಲ. ಆ ಪರೀಕ್ಷೆ ಹೇಳುವುದು ಮಿಶ್ರಣ ಸರಿಯಿದೆಯೇ ಎಂದು ಮಾತ್ರ. ರಸ್ತೆಯಲ್ಲಿ ಬಿದ್ದಿರುವ ಮಣ್ಣು ಗಟ್ಟಿಯಾಗಿದೆಯೇ ಎಂದು ಅದು ಹೇಳುವುದಿಲ್ಲ, ನಾನು ಅದರ ಬಾಯಲ್ಲಿ ಅದನ್ನೇ ಹೇಳಿಸಿದೆ. ಸಿಲಿಂಡರ್ ಬೆಚ್ಚಗೆ ಮಲಗಿತ್ತು, ರಸ್ತೆ ಹೊರಗೆ ನಡುಗುತ್ತಿತ್ತು. ಎರಡೇ ಎರಡು ಸಿಲಿಂಡರ್‌ಗಳನ್ನು ರಸ್ತೆ ಪಕ್ಕದ ಮಣ್ಣಲ್ಲೇ ಹೂತಿಟ್ಟು ಒಡೆದಿದ್ದರೆ ಸಾಕಿತ್ತು, ಅವತ್ತೇ ಕೆಲಸ ನಿಲ್ಲಿಸುತ್ತಿದ್ದೆ. ಮಣ್ಣೊಳಗೆ ಥರ್ಮಾಮೀಟರ್ ಚುಚ್ಚಿದ್ದರೂ ಆಗುತ್ತಿತ್ತು. ನಾನು ನೋಡಿದ್ದು ಮಧ್ಯಾಹ್ನದ ಗಾಳಿಯ ಉಷ್ಣತೆ.

ತಂಪಿನಲ್ಲಿ ಸಿಮೆಂಟ್ ನಿಧಾನ, ಸೊನ್ನೆಯ ಹತ್ತಿರ ಹೆಚ್ಚುಕಮ್ಮಿ ಕೆಲಸವೇ ಮಾಡುವುದಿಲ್ಲ. ಸುಣ್ಣ ಇನ್ನೂ ಮೈಗಳ್ಳ, 4-5 ಡಿಗ್ರಿ ಕೆಳಗೆ ಹೋದರೆ ಮಲಗಿಬಿಡುತ್ತದೆ. ಬೇಸಿಗೆಗೆ ಮತ್ತೆ ಎದ್ದೀತು ಅನ್ನುತ್ತೀರಾ? ಅಷ್ಟರೊಳಗೆ ಲಡಾಖ್‌ನ ಬಿಸಿಲು ಹಗಲು ಕರಗಿಸಿ, ರಾತ್ರಿ ಚಳಿ ಹೆಪ್ಪುಗಟ್ಟಿಸಿ, ಆಗಷ್ಟೇ ಕೂಡಿಕೊಂಡ ಎಳೇ ಬಂಧಗಳನ್ನು ಪ್ರತಿದಿನ ಮುರಿಯುತ್ತಿರುತ್ತದೆ. ಕಣಗಳು ದೂರ ಸರಿದು ರೋಲರ್ ಕೂರಿಸಿದ ಸಾಂದ್ರತೆಯೂ ಹೋಗುತ್ತದೆ.

ಇನ್ನು ನೀರು. ಹೆಪ್ಪುಗಟ್ಟಿದಾಗ ನೀರು 9 ಶೇಕಡ ಹಿಗ್ಗುತ್ತದೆ, ಅದರಿಂದಲೇ ರಸ್ತೆ ಉಬ್ಬುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸಣ್ಣ ಭಾಗ. 1930ರ ಸುಮಾರಿಗೆ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ನೀರಿನ ಬದಲು ಬೆಂಜೀನ್ ಹಾಕಿ ನೋಡಿದರು. ಬೆಂಜೀನ್ ಹೆಪ್ಪುಗಟ್ಟಿದರೆ ಕುಗ್ಗುತ್ತದೆ, ಆದರೂ ಮಣ್ಣು ಉಬ್ಬಿತು! ಅಸಲಿಗೆ ಹೂಳುಮಣ್ಣು ದೀಪದ ಬತ್ತಿಯಂತೆ ಕೆಳಗಿನ ನೀರನ್ನು ಹೀರಿ ಮೇಲೆ ತರುತ್ತದೆ, ಹೆಪ್ಪುಗಟ್ಟುವ ಗೆರೆಯಲ್ಲಿ ಐಸ್ ಪದರ ಪದರವಾಗಿ ಬೆಳೆಯುತ್ತದೆ. ನಮ್ಮ ರಸ್ತೆಯ ಮೇಲ್ಗಡೆಯೇ ಹೊಲಗಳ ಯುರಾ, ಅಂದರೆ ಕಾಲುವೆ, ಇತ್ತು. ಮಳೆ ಬಾರದ ಊರು, ನೀರೆಲ್ಲಿಂದ ಬರುತ್ತೆ ಅಂದುಕೊಂಡಿದ್ದೆ.

ಜನವರಿಯಲ್ಲಿ ಲಾರಿ ಓಡಿದರೂ ಒಂದು ಗೆರೆ ಬೀಳಲಿಲ್ಲ. ಹೆಪ್ಪುಗಟ್ಟಿದ ಮಣ್ಣು ಕಾಂಕ್ರೀಟಿನಂತೆಯೇ ಇರುತ್ತದೆ, ಮೋಸ ಅದೇ. ಏಪ್ರಿಲ್‌ನಲ್ಲಿ ಮೇಲಿಂದ ಕರಗತೊಡಗಿತು. ಕೆಳಗೆ ಇನ್ನೂ ಐಸ್, ನೀರು ಇಳಿಯೋಕೆ ದಾರಿಯಿಲ್ಲ. ಚಕ್ರ ಹೋದ ಕಡೆಯೆಲ್ಲ ಅಂಬಲಿ. ಕೈಗೆತ್ತಿಕೊಂಡ ಉಂಡೆ, ತುಪ್ಪ ಕಮ್ಮಿಯಾದ ರವೆ ಉಂಡೆಯಂತೆ ಉದುರಿತು.

ಹಾಗಾಗಿ ನಿಮ್ಮ 4ಕ್ಕೂ 6ಕ್ಕೂ ನನ್ನ ಉತ್ತರ ಒಂದೇ: ಪ್ರಶ್ನೆಯೇ ತಪ್ಪು. ಶೇಕಡ ಕೇಳಬೇಡಿ, ತಾರೀಕು ಕೇಳಿ. ಮೊದಲ ಗಟ್ಟಿ ಚಳಿಗೆ ಕನಿಷ್ಠ ಒಂದು ತಿಂಗಳು ಮುಂಚೆ ಮುಗಿಯದಿದ್ದರೆ ಮುಟ್ಟಲೇಬೇಡಿ, ಗುತ್ತಿಗೆದಾರ ಎಷ್ಟೇ ಕೂಗಾಡಲಿ. ಮಣ್ಣಿನ ಕಣಗಳ ಗಾತ್ರ ತಿಳಿಯೋಕೆ ಜರಡಿ, ಹೈಡ್ರೋಮೀಟರ್ ಪರೀಕ್ಷೆ ಮಾಡಿಸಿ. ದಪ್ಪ, ಸಣ್ಣ ಎಲ್ಲ ಗಾತ್ರದ ಕಣಗಳು ಬೆರೆತ ಮಣ್ಣಿನಲ್ಲಿ 0.02 ಮಿ.ಮೀ.ಗಿಂತ ಸಣ್ಣ ಕಣ 3 ಶೇಕಡ ದಾಟಿದರೆ ಹುಷಾರು ಅಂತ ಮಣ್ಣಿನ ಎಂಜಿನಿಯರ್ ಕಾಸಗ್ರಾಂಡೆ 1930ರ ದಶಕದಲ್ಲೇ ಹೇಳಿಟ್ಟಿದ್ದಾರೆ. ನಮ್ಮದು ಅದರ ಎಷ್ಟೋ ಪಟ್ಟು ಇತ್ತು, ವರದಿ ನನ್ನ ಟ್ರಂಕಿನಲ್ಲೇ ಇತ್ತು.

ನನ್ನ ಮಾತು ಕೇಳಿದರೆ ಸಿಮೆಂಟನ್ನೇ ಬಿಡಿ. ಲಡಾಖ್‌ನಲ್ಲಿ ಜಲ್ಲಿಗೆ ಬರವೇ? ಮುಂದಿನ ಜೂನ್‌ನಲ್ಲಿ ನಾವು 60 ಸೆಂ.ಮೀ. ಅಗೆದು ಬಿಸಾಡಿ, ಹೊಳೆಯ ತೊಳೆದ ಜಲ್ಲಿ ತುಂಬಿ, ಯುರಾ ಪಕ್ಕ ಆಳದ ಚರಂಡಿ ತೋಡಿ, ಆಗಸ್ಟ್‌ಗೆ ಮುಗಿಸಿದೆವು. ಮಿಕ್ಕ ಸಿಮೆಂಟಿನಲ್ಲಿ ಒಂದು ಮೋರಿ ಕಟ್ಟಿದೆವು.