ಸಂಪಾದಕರ ಉತ್ತರ: ದಿನವೂ ಓದುತ್ತೇನೆ, ಸಂತೋಷ ಮಾತ್ರ ಇಲ್ಲ

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: ‘ಯಜಮಾನರು ತೀರಿಕೊಂಡ ಮೇಲೆ, ಒಂದೇ ವರ್ಷದಲ್ಲಿ ಇಡೀ ಬೈಬಲ್ ಓದಿಸುವ ಪಟ್ಟಿಯನ್ನು ಹಿಡಿದೆ. ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡದ ಕುಷ್ಠದ ಅಧ್ಯಾಯಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಯಲ್ಲಿ ಕುಳಿತಾಗ ಸಿಗುವ ನೆಮ್ಮದಿ, ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹೋಗಿರುತ್ತದೆ. ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಸಂತೋಷದ ಸಾಕ್ಷಿ ಹೇಳುತ್ತಾರೆ. ನನ್ನ ವಿಶ್ವಾಸದಲ್ಲೇ ಕೊರತೆಯೇ?’

ಸಹೋದರಿಯವರೇ,

ಮೊದಲು ಆ ಪಟ್ಟಿಯನ್ನು ಮಡಚಿಡಿ. 66 ಪುಸ್ತಕಗಳ ಬೈಬಲಿನಲ್ಲಿ 1189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಜನವರಿಯಲ್ಲಿ ಹುರುಪಿನಿಂದ ಹೊರಟವರು ಫೆಬ್ರವರಿಯ ಹೊತ್ತಿಗೆ ಸರಿಯಾಗಿ ನೀವು ಸಿಕ್ಕಿಕೊಂಡ ಜಾಗಕ್ಕೇ ಬಂದು ನಿಲ್ಲುತ್ತಾರೆ. ಓದಿ ಮುಗಿಸುವುದು ಬೇರೆ, ಧ್ಯಾನಿಸುವುದು ಬೇರೆ. ದುಃಖದಲ್ಲಿರುವವರ ಕೈಗೆ ಇಂಥ ಪಟ್ಟಿ ಕೊಡುವುದು ಸಾಲದ ಕಂತಿನ ಪುಸ್ತಕ ಕೊಟ್ಟಂತೆ. ತಪ್ಪಿದ ದಿನಗಳಷ್ಟೇ ಕಣ್ಣಿಗೆ ಬೀಳುತ್ತವೆ.

ಇನ್ನು ಪ್ರಾರ್ಥನಾ ಕೂಟ. ಅಲ್ಲಿ ಸಾಕ್ಷಿ ಹೇಳಲು ಏಳುವವರು ಸಾಮಾನ್ಯವಾಗಿ ಕಷ್ಟ ಕಳೆದವರು. ಕಷ್ಟದ ನಡುವೆ ಇರುವವರು ನಿಮ್ಮ ಹಾಗೆಯೇ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. (ಅವರಿಗೂ ಮಾತನಾಡಲು ಎರಡು ನಿಮಿಷ ಕೊಡಬಾರದೇ ಎಂದು ಸಭಾಪಾಲಕರನ್ನು ಕೇಳಬೇಕೆನಿಸುತ್ತದೆ.)

ಸಂತೋಷದ ಪತ್ರವೆಂದು ಎಲ್ಲರೂ ಹೊಗಳುವ, ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಬೈಬಲಿನ ಪತ್ರವನ್ನೇ ನೋಡಿ. ನಾಲ್ಕೇ ಅಧ್ಯಾಯ. ‘ಯಾವಾಗಲೂ ಸಂತೋಷಿಸಿರಿ’ ಎಂದ ಪೌಲನು ಬರೆಯುತ್ತಿದ್ದದ್ದು ಸೆರೆಯಲ್ಲಿ ಕುಳಿತು. ಗೋಡೆಗೆ ತೂಗುಹಾಕುವ ಕ್ಯಾಲೆಂಡರುಗಳಲ್ಲಿ ಆ ವಾಕ್ಯ ಇರುತ್ತದೆ; ಎರಡನೆಯ ಅಧ್ಯಾಯದ ಎಪಫ್ರೊದೀತ ಇರುವುದಿಲ್ಲ. ಆ ಗೆಳೆಯ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ. ಅವನು ಬದುಕಿದ್ದನ್ನು ಹೇಳುವಾಗ ಪೌಲನು, ತನಗೆ ದುಃಖದ ಮೇಲೆ ದುಃಖ ಬರದಂತೆ ದೇವರು ತನ್ನನ್ನೂ ಕರುಣಿಸಿದನೆನ್ನುತ್ತಾನೆ. ಎಂದರೆ ಮೊದಲೇ ಒಂದು ದುಃಖವಿತ್ತು. ಗೆಳೆಯ ಸತ್ತಿದ್ದರೆ ಪೌಲನು ಅಳುತ್ತಿದ್ದ. ಅದನ್ನು ಮುಚ್ಚಿಡುವುದೂ ಇಲ್ಲ. ಇದ್ದ ಸ್ಥಿತಿಯಲ್ಲಿಯೇ ತೃಪ್ತನಾಗಿರಲು ‘ಕಲಿತುಕೊಂಡಿದ್ದೇನೆ’ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಕಲಿಯಲು ಕಾಲ ಹಿಡಿದಿರಲೇಬೇಕು.

ಹೀಗಾಗಿ ನಿಮ್ಮ ಕಣ್ಣೀರನ್ನು ಅವಿಶ್ವಾಸದ ಲೆಕ್ಕಕ್ಕೆ ಬರೆಯಬೇಡಿ. ಫಿಲೋಮಿನಾದ ನೆಲಮಾಳಿಗೆಯಲ್ಲಿ ಸಿಕ್ಕಿದ್ದೂ ಸುಳ್ಳಲ್ಲ. ಆದರೆ ಅದು ಆ ಜಾಗದ ಮೌನ ಕೊಟ್ಟ ನೆಮ್ಮದಿ. ಬಸ್ಸಿಳಿದು ಖಾಲಿ ಮನೆಯ ಬೀಗ ತೆಗೆಯುವಾಗ ಜೊತೆಗೆ ಬರುವುದು ಬಾಯಿಪಾಠವಾದ ಬೈಬಲ್ ವಚನ ಮಾತ್ರ.

ರಾತ್ರಿಯೆಲ್ಲ ನಿದ್ರೆಯಿಲ್ಲ, ಊಟ ಸೇರುವುದಿಲ್ಲ ಎಂದು ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಅದು ಅಂಚಿನ ವಿಷಯವಲ್ಲ. ಈ ವಾರವೇ ವೈದ್ಯರನ್ನು ಕಾಣಿರಿ, ಮಕ್ಕಳಿಗೂ ಹೇಳಿರಿ. ಸುವಾರ್ತೆ ಬರೆದ ಲೂಕನನ್ನು ಪೌಲನು ಕರೆಯುವುದೇ ‘ಪ್ರಿಯ ವೈದ್ಯ’ ಎಂದು.

ಓದಲು ಬೈಬಲಿನ ಕೀರ್ತನೆಗಳಲ್ಲಿ ಹದಿಮೂರನೆಯದೊಂದನ್ನೇ ಇಟ್ಟುಕೊಳ್ಳಿ. ಆರೇ ವಚನ. ಮೊದಲ ಎರಡರಲ್ಲಿ ದಾವೀದನು ‘ಇನ್ನೆಷ್ಟರವರೆಗೆ’ ಎಂದು ನಾಲ್ಕು ಬಾರಿ ದೇವರನ್ನು ಕೇಳುತ್ತಾನೆ. ಆಮೇಲೆರಡು ವಚನ, ಶತ್ರು ಗೆಲ್ಲದಿರಲೆಂಬ ಮೊರೆ. ಐದರಲ್ಲಿ ನಂಬಿಕೆಯ ಮಾತು, ಆರರಲ್ಲಿ ಹಾಡು. ಶತ್ರು ಹೋದನೆಂದು ಎಲ್ಲಿಯೂ ಹೇಳಿಲ್ಲ. ನೋಟ್ ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳಿ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ, ಒಂದು ವಚನವನ್ನು ದಿನವಿಡೀ ಬಾಯಲ್ಲಿಟ್ಟುಕೊಳ್ಳಿ. ಪಾತ್ರೆ ತೊಳೆಯುವಾಗ, ಸಂತೆಗೆ ನಡೆಯುವಾಗ ಅದು ತಾನಾಗಿ ನಾಲಿಗೆಗೆ ಬರಲಿ. ಏನೂ ಅನಿಸದಿದ್ದರೂ ಚಿಂತೆಯಿಲ್ಲ. ಐದನೆಯ ವಚನಕ್ಕೆ ಬಂದಾಗ ಅದನ್ನು ಹೇಳಲು ಮನಸ್ಸು ಒಪ್ಪದಿದ್ದರೆ ಒತ್ತಾಯಿಸಬೇಡಿ; ನಾಲ್ಕಕ್ಕೇ ನಿಲ್ಲಿಸಿ, ಮರುದಿನ ಮತ್ತೆ ಮೊದಲಿನಿಂದ ಓದಿರಿ.

- ಸಂಪಾದಕರು