ದಸರಾ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಅಂಡಮಾನ್‌ಗೆ: ಆರು ದಿನದ ಈ ಪ್ಲಾನ್ ಸರಿಯಾ?

ನೀವು ಕೇಳಿದ್ದು ಇಷ್ಟು. ಮೈಸೂರಿನಿಂದ ಐದು ಜನ. ಅಪ್ಪ ಅಮ್ಮ ಅರವತ್ತೈದು ದಾಟಿದವರು, ಅಮ್ಮನಿಗೆ ಮಂಡಿ ನೋವು. ಜೊತೆಗೆ ಎಂಟು ವರ್ಷದ ಮಗಳು. ಏಜೆಂಟ್ ಕೊಟ್ಟ ಆರು ದಿನದ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್, ರಾಸ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಎಲ್ಲ ಇವೆ. ಅಡ್ವಾನ್ಸ್ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಇನ್ನೂ ಕೊಡಬೇಡಿ. ತಿಂಗಳು ಸರಿಯಿಲ್ಲ, ಜಾಗಗಳೂ ಜಾಸ್ತಿಯಾದವು. ನಾನು ಮಂಡ್ಯದವಳು. ಮಂಡಿ ನೋವಿರುವ ಅತ್ತೆಯವರನ್ನೂ ಮಾವನವರನ್ನೂ ಕರೆದುಕೊಂಡು ಹೋಗಿ ಬಂದಿದ್ದೇನೆ. ಆಮೇಲೆ ನೆಂಟರಿಷ್ಟರಿಗೆ ಪ್ಲಾನ್ ಹಾಕಿಕೊಟ್ಟಿದ್ದೂ ಇದೆ. ಹಿರಿಯರ ಜೊತೆ ಹೋಗುವಾಗ ಹೋಟೆಲ್, ವಿಮಾನ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಹಡಗು. ಸಮುದ್ರ ಶಾಂತವಾಗಿರುವ ತಿಂಗಳು ಯಾವುದು, ಹಡಗು ಎಷ್ಟು ಸಲ ಹತ್ತಿ ಇಳಿಯಬೇಕು ಅನ್ನುವುದು ಗೊತ್ತಾದರೆ ಉಳಿದದ್ದು ತಾನಾಗೇ ಕೂಡಿಕೊಳ್ಳುತ್ತದೆ.

ತಿಂಗಳಿನ ವಿಷಯ ಮೊದಲು. ನಾವು ಕೆಆರ್‌ಎಸ್ ತುಂಬಲಿ ಅಂತ ಕಾಯುವ ಮುಂಗಾರು ದೇಶದಲ್ಲಿ ಮೊದಲು ಕಾಲಿಡುವುದೇ ಅಂಡಮಾನ್ ಕಡೆ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬಂದರೆ, ಅಲ್ಲಿಗೆ ಮೇ ಮೂರನೇ ವಾರದ ಹೊತ್ತಿಗೆ ಬಂದಿರುತ್ತದೆ. ಮುಂಗಾರು ಮುಗಿಯುವಷ್ಟರಲ್ಲಿ ಹಿಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. ದಸರಾಗೆ ಹೋದವರೆಲ್ಲ ನೆನೆದುಕೊಂಡೇ ಬರುತ್ತಾರೆ ಅಂತಲ್ಲ. ಚೆನ್ನಾಗಿ ಸುತ್ತಿಕೊಂಡು ಬಂದವರೂ ಇದ್ದಾರೆ. ಆದರೆ ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ಹಡಗು ನಿಂತರೆ ನೀವು ದ್ವೀಪದಲ್ಲೇ ಉಳಿಯಬೇಕು. 2016ರ ಡಿಸೆಂಬರ್‌ನಲ್ಲಿ ಹಾಗೆ ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳೇ ಬರಬೇಕಾಯಿತು. ಬಿಪಿ, ಶುಗರ್ ಮಾತ್ರೆ ಲೆಕ್ಕ ಹಾಕಿ ತಂದಿರುವ ಹಿರಿಯರನ್ನು ಅಂಥ ಕಡೆ ಇಟ್ಟುಕೊಂಡು ಕೂರುವುದು ಬೇಡ.

ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮಗಳ ಶಾಲೆ ನೋಡಿಕೊಂಡರೆ ಏಪ್ರಿಲ್ ಎರಡನೇ ವಾರ ನಿಮಗೆ ಸರಿಹೋಗುತ್ತದೆ. ಪರೀಕ್ಷೆ ಮುಗಿದಿರುತ್ತದೆ, ಯುಗಾದಿಯೂ ಆಗಿರುತ್ತದೆ. ಬಿಸಿಲು, ಸೆಕೆ ಇರುತ್ತದೆ ನಿಜ, ಆದರೆ ಸಮುದ್ರ ಶಾಂತ, ನೀರು ತಿಳಿ.

ದಸರಾ ರಜೆಯಲ್ಲೇ ಯಾವುದಾದರೂ ದ್ವೀಪ ನೋಡಬೇಕು ಅಂದರೆ ಉಡುಪಿ ಕಡೆ ಹೋಗಿ. ಮಳೆಗಾಲ ಮುಗಿದ ಮೇಲೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಶುರುವಾಗುತ್ತದೆ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಬಂಡೆಗಳನ್ನು ಮಗಳು ಮರೆಯುವುದಿಲ್ಲ. ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಹಾಗಾಗಿ ಬೆಳಿಗ್ಗೆ ಹೋಗಿ ಬಂದು ಉಡುಪಿಯಲ್ಲಿ ಉಳಿಯಬೇಕು. ಲಕ್ಷದ್ವೀಪ ಅಂದರೆ ಮೊದಲೇ ಪರ್ಮಿಟ್ ಮಾಡಿಸಬೇಕು. ಅಂಡಮಾನ್‌ನಲ್ಲಿ ನೀವು ಹೇಳಿರುವ ದ್ವೀಪಗಳಿಗೆ ಭಾರತೀಯರಿಗೆ ಆ ರಗಳೆ ಇಲ್ಲ. ಆಧಾರ್ ಇದ್ದರೆ ಸಾಕು.

ಇನ್ನು ಏಜೆಂಟ್ ಪಟ್ಟಿ. ಮೊದಲು ಬಾರಾಟಾಂಗ್ ತೆಗೆಸಿ. ಸುಣ್ಣಕಲ್ಲಿನ ಗುಹೆ, ಮ್ಯಾಂಗ್ರೋವ್ ಕಾಡಿನ ನಡುವೆ ದೋಣಿ ಪಯಣ, ಎಲ್ಲ ಚೆನ್ನಾಗಿದೆ. ಆದರೆ ಪೋರ್ಟ್ ಬ್ಲೇರ್‌ನಿಂದ ಸುಮಾರು ನೂರು ಕಿಲೋಮೀಟರ್. ಬೆಳಗಿನ ಜಾವ ಮೂರು ಗಂಟೆಗೆಲ್ಲ ಹೊರಡಬೇಕು. ಚೆಕ್‌ಪೋಸ್ಟ್‌ನಲ್ಲಿ ಕಾಯಬೇಕು, ದೋಣಿ ಇಳಿದು ಕಾಡಿನ ದಾರಿಯಲ್ಲಿ ನಡೆಯಬೇಕು. ಮಂಡಿ ನೋವಿನವರಿಗೆ ಇದು ಶಿಕ್ಷೆ. ಇನ್ನೊಂದು ಮಾತು ಹೇಳಲೇಬೇಕು. ಆ ರಸ್ತೆ ಹೋಗುವುದು ಜರವಾ ಬುಡಕಟ್ಟಿನವರ ಮೀಸಲು ಕಾಡಿನ ಮೂಲಕ. ವಾಹನಗಳು ಸಾಲಾಗಿ ಬೆಂಗಾವಲಿನಲ್ಲೇ ಹೋಗಬೇಕು, ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆದರೂ ‘ದಾರಿಯಲ್ಲಿ ಜರವಾಗಳು ಕಾಣಿಸ್ತಾರೆ’ ಅಂತ ಆಸೆ ತೋರಿಸುವವರಿದ್ದಾರೆ. ಅವರ ಮನೆಯಂಗಳದಲ್ಲಿ ಕಾರು ಓಡಿಸಿಕೊಂಡು ಹೋಗಿ ಇಣುಕುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಎರಡನೆಯದಾಗಿ ನೀಲ್ ಬಿಡಿ. ಇದು ಹೇಳುವಾಗ ನನಗೂ ಬೇಜಾರೇ. ತರಕಾರಿ ಬೆಳೆಯುವ, ಗದ್ದೆ ತೋಟ ಇರುವ ಚಿಕ್ಕ ದ್ವೀಪ ಅದು, ಮಂಡ್ಯದವರಿಗೆ ತಕ್ಷಣ ಹಿಡಿಸುತ್ತದೆ. ಏಳು ದಿನ ಸಿಕ್ಕರೆ ಖಂಡಿತ ಸೇರಿಸಿ. ಆರೇ ದಿನ ಅಂದರೆ ನೀಲ್‌ಗಾಗಿ ಮತ್ತೊಂದು ಹಡಗು, ಮತ್ತೊಂದು ಸಲ ಪೆಟ್ಟಿಗೆ ಕಟ್ಟುವುದು, ಜೆಟ್ಟಿಯಲ್ಲಿ ಮತ್ತೆ ಕಾಯುವುದು ಆಗುತ್ತದೆ. ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ನಾನು ಹಾಕಿಕೊಡುವುದಾದರೆ ಮೊದಲ ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಮೂರು ರಾತ್ರಿ ಹ್ಯಾವ್‌ಲಾಕ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಈ ಕೊನೆಯ ರಾತ್ರಿಯನ್ನು ಯಾರು ಏನೇ ಹೇಳಿದರೂ ಬಿಟ್ಟುಕೊಡಬೇಡಿ. ಹಡಗಿನಲ್ಲಿ ಬಂದು ಅವತ್ತೇ ವಿಮಾನ ಹತ್ತುವ ಪ್ಲಾನ್ ಕಾಗದದ ಮೇಲೆ ಚೆಂದ. ಹಡಗು ತಡವಾದರೆ ಐದು ಜನರ ವಿಮಾನದ ಟಿಕೆಟ್ ನೀರಲ್ಲಿ ಹೋಮ. ರಾಸ್ ದ್ವೀಪ ಪೋರ್ಟ್ ಬ್ಲೇರ್ ಎದುರಿಗೇ ಇದೆ, ಆ ಕೊನೆಯ ದಿನದ ಮಧ್ಯಾಹ್ನ ನೋಡಬಹುದು.

ಹೆಸರುಗಳಲ್ಲಿ ಗಲಿಬಿಲಿ ಆಗಬಹುದು. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮಾಡುವಾಗ ಎರಡೂ ಹೆಸರು ನೆನಪಿಟ್ಟುಕೊಳ್ಳಿ.

ಮೊದಲ ದಿನ ಸೆಲ್ಯುಲಾರ್ ಜೈಲು ಒಂದೇ ಸಾಕು. 1896ರಿಂದ 1906ರವರೆಗೆ ಕಟ್ಟಿದ್ದು. ನಡುವಿನ ಗೋಪುರದಿಂದ ಏಳು ಸಾಲು ಕಟ್ಟಡ ಹೊರಟಿದ್ದವು, ಈಗ ಉಳಿದಿರುವುದು ಮೂರು. ನಿಮ್ಮ ತಂದೆಯವರಿಗೆ ಅಲ್ಲಿ ನಿಧಾನವಾಗಿ ನೋಡಲು, ಕೂತು ಓದಲು ಬಿಡಿ. ನಮ್ಮ ಮಾವನವರು ಇಡೀ ಪ್ರವಾಸದಲ್ಲಿ ಜಾಸ್ತಿ ಮಾತಾಡಿದ್ದು ಆ ಜೈಲಿನ ಬಗ್ಗೆಯೇ.

ಅಲ್ಲಿ ಕತ್ತಲೆ ಬೇಗ ಆಗುತ್ತದೆ. ಗಡಿಯಾರ ನಮ್ಮದೇ, ಆದರೆ ಜಾಗ ತುಂಬಾ ಪೂರ್ವಕ್ಕಿದೆ. ಮೈಸೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ಏಪ್ರಿಲ್‌ನಲ್ಲೂ ಸಂಜೆ ಐದೂವರೆ ದಾಟುತ್ತಲೇ ಮುಳುಗಿರುತ್ತಾನೆ. ಆದ್ದರಿಂದ ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ಗೆ ಮೂರೂವರೆಗೇ ಹೋಗಿ ಕೂತುಬಿಡಿ. ಬಿಳಿ ಮರಳು, ಹಿಂದೆ ದೊಡ್ಡ ದೊಡ್ಡ ಮರಗಳ ಕಾಡು, ನೆರಳು. ಹಿರಿಯರು ಏನೂ ಮಾಡದೆ ಸುಮ್ನೆ ಕೂತು ಖುಷಿಪಡುವಂಥ ಜಾಗ. ಮೂರು ರಾತ್ರಿಯಲ್ಲಿ ಎರಡು ಸಂಜೆ ಅಲ್ಲಿಗೇ ಹೋದರೂ ಬೇಸರವಾಗದು.

ಹೋಟೆಲ್ ಹಿಡಿಯುವಾಗ ಒಂದು ಗಮನಿಸಿ. ಹೆಚ್ಚಿನ ಹೋಟೆಲ್‌ಗಳು ಇರುವುದು ದ್ವೀಪದ ಇನ್ನೊಂದು ಬದಿಯಲ್ಲಿ, ಗೋವಿಂದನಗರ, ವಿಜಯನಗರದ ಕಡೆ. ‘ಬೀಚ್ ಪಕ್ಕದಲ್ಲೇ ರೂಮು’ ಅನ್ನುವುದು ಸುಳ್ಳಲ್ಲ, ಆದರೆ ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದು ಬರೀ ಕಲ್ಲು ಕಾಣುತ್ತದೆ. ಸಮುದ್ರ ಕಾಣುವ ರೂಮಿಗೆ ಜಾಸ್ತಿ ದುಡ್ಡು ಕೊಡುವ ಬದಲು ಮೆಟ್ಟಿಲಿಲ್ಲದ ನೆಲಮಟ್ಟದ ರೂಮು, ಪಾಶ್ಚಾತ್ಯ ಕಮೋಡ್ ಇದೆಯಾ ಅಂತ ಕೇಳಿಕೊಳ್ಳಿ.

ಎಲಿಫೆಂಟ್ ಬೀಚ್‌ಗೆ ನೀವಿಬ್ಬರಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ಹೋಗಿ. ನೀರಿನ ಮೇಲೆ ತೇಲುತ್ತಾ ಹವಳ, ಬಣ್ಣದ ಮೀನು ನೋಡಬಹುದು. ಸಣ್ಣ ದೋಣಿ ಹತ್ತಿ ಇಳಿಯುವುದು ನಿಮ್ಮ ತಾಯಿಯವರಿಗೆ ಕಷ್ಟ, ಒತ್ತಾಯ ಮಾಡಬೇಡಿ. ಮೊಸಳೆ ಎಚ್ಚರಿಕೆಯ ಫಲಕ ಇರುವ ಕಡೆ, ತೊರೆ ಸಮುದ್ರ ಸೇರುವ ಕಡೆ ಯಾರೂ ನೀರಿಗಿಳಿಯಬಾರದು. ಉಪ್ಪುನೀರಿನ ಮೊಸಳೆಗಳು ಅಲ್ಲಿ ನಿಜವಾಗಿಯೂ ಇವೆ. ಹವಳದ ತುಂಡು ಮಗಳು ಎತ್ತಿಕೊಂಡರೆ ಅಲ್ಲೇ ಇಡಿಸಿ, ಅದನ್ನು ತರುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಊಟಕ್ಕೆ ತೊಂದರೆ ಇಲ್ಲ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು, ತೆಲುಗರು ತುಂಬಾ ಇದ್ದಾರೆ, ಇಡ್ಲಿ ದೋಸೆ ಸಿಗುತ್ತದೆ. ಹ್ಯಾವ್‌ಲಾಕ್‌ನಲ್ಲಿ ನೆಲೆಸಿದವರು ಹೆಚ್ಚಾಗಿ ಬಂಗಾಳಿಗಳು, ಅನ್ನ ಬೇಳೆ ಇದ್ದೇ ಇರುತ್ತದೆ. ಮುದ್ದೆ ಮಾತ್ರ ಮರೆತುಬಿಡಿ. ಚಟ್ನಿಪುಡಿ ಒಯ್ಯಿರಿ. ಹಡಗು ಹತ್ತುವ ಬೆಳಿಗ್ಗೆ ಪೂರಿಗೀರಿ ಬೇಡ, ಹಗುರವಾಗಿ ತಿನ್ನಿ. ವಾಂತಿ ಮಾತ್ರೆಯನ್ನು ಹಿರಿಯರ ಮಾತ್ರೆಗಳ ಜೊತೆ ಕೊಡಬಹುದಾ ಅಂತ ನಿಮ್ಮ ಡಾಕ್ಟರನ್ನು ಊರಲ್ಲೇ ಕೇಳಿಕೊಂಡು ಹೋಗಿ.

ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಫ್ಲೈಬಸ್ ಇದೆ. ವಿಮಾನ ಬೆಳಗಿನ ಜಾವ ಇದ್ದರೆ ರಾತ್ರಿಯೆಲ್ಲ ಬಸ್ಸು ಅಂತಾಗುತ್ತದೆ, ಹಿರಿಯರು ಅಲ್ಲೇ ಸುಸ್ತಾಗುತ್ತಾರೆ. ಹಿಂದಿನ ದಿನವೇ ಹೋಗಿ ದೇವನಹಳ್ಳಿ ಕಡೆ ಉಳಿದುಕೊಳ್ಳಿ. ಇಲ್ಲವೇ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಚೆನ್ನೈ ತಲುಪಿ, ಅಲ್ಲಿಂದ ಹನ್ನೊಂದರ ನಂತರದ ವಿಮಾನ ಸಿಗುತ್ತದಾ ನೋಡಿ.

ಏಪ್ರಿಲ್ ಅಂತ ಮನೆಯಲ್ಲಿ ಒಪ್ಪಿಗೆಯಾದರೆ ಜನವರಿಯಲ್ಲೇ ವಿಮಾನದ ಟಿಕೆಟ್ ಮಾಡಿ. ಹ್ಯಾವ್‌ಲಾಕ್ ಹಡಗಿನ ಬುಕಿಂಗ್ ತೆರೆದ ಕೂಡಲೇ ಐದೂ ಸೀಟು ಒಟ್ಟಿಗೆ ಹಿಡಿಯಿರಿ. ರೂಮು ಆಮೇಲೆ. ಏಜೆಂಟ್ ಮೂಲಕವೇ ಹೋಗುವುದಾದರೆ ಹಡಗು ರದ್ದಾದರೆ ಆ ರಾತ್ರಿಯ ರೂಮಿನ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಂಡ ಮೇಲೇ ಅಡ್ವಾನ್ಸ್ ಕೊಡಿ.