ಗೆದ್ದ ಮೇಲೆ ಯೇಸುವಿನ ಹೆಸರು ಹೇಳುವುದು ನಂಬಿಕೆಯಾ, ತೋರಿಕೆಯಾ?

ಆಟಗಾರರು, ಹಾಡುಗಾರರು ಕ್ಯಾಮೆರಾ ಮುಂದೆ ಯೇಸುವನ್ನು ನೆನೆಯುವುದು ನಿಜವಾದ ನಂಬಿಕೆಯಾ, ಸುಮ್ನೆ ತೋರಿಕೆಯಾ ಅಂತ ಕೇಳಿದ್ದೀರಿ. ನಾನು ಕ್ರೈಸ್ತ. ಈ ಪ್ರಶ್ನೆ ನನ್ನನ್ನೂ ಬಹಳ ದಿನ ಕಾಡಿದೆ. ಯಾಕಂದ್ರೆ ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ, ಅಂದರೆ ಪರ್ವತ ಪ್ರಸಂಗದಲ್ಲೇ ಎರಡು ಮಾತೂ ಇವೆ. ಬೈಬಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ನಿಮ್ಮ ಬೆಳಕು ಜನರಿಗೆ ಕಾಣಲಿ ಎನ್ನುತ್ತಾನೆ ಯೇಸು. 6ನೇ ಅಧ್ಯಾಯಕ್ಕೆ ಬಂದರೆ, ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎನ್ನುತ್ತಾನೆ.

2007ರಲ್ಲಿ ಇಟಲಿಯ ಮಿಲಾನ್ ಫುಟ್ಬಾಲ್ ತಂಡ ಚಾಂಪಿಯನ್ಸ್ ಲೀಗ್ ಗೆದ್ದಾಗ, ಅದರ ಬ್ರೆಜಿಲ್ ಆಟಗಾರ ಕಾಕಾ ಜೆರ್ಸಿ ತೆಗೆದರು. ಒಳಗಿನ ಟೀ ಶರ್ಟ್ ಮೇಲೆ 'ನಾನು ಯೇಸುವಿಗೆ ಸೇರಿದವನು' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ನಾಟಕ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಗೆದ್ದ ದಿನ ನಂಬಿಕೆಗೆ ಸಾಕ್ಷಿ ಹೇಳುವುದು ಸುಲಭ, ಅಲ್ವಾ?

ಅದಕ್ಕೇ ನನಗೆ ಎರಿಕ್ ಲಿಡ್ಡೆಲ್ ಜಾಸ್ತಿ ನೆನಪಾಗುತ್ತಾರೆ. ಸ್ಕಾಟ್ಲೆಂಡಿನ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ (ಮೊದಲ ಸುತ್ತು) ಭಾನುವಾರ ಬಿತ್ತು. ಭಾನುವಾರ ಕರ್ತನ ದಿನ, ಅಂದರೆ ದೇವರಿಗೆ ಮೀಸಲಾದ ದಿನ, ಅವತ್ತು ಓಡುವುದಿಲ್ಲ ಅಂತ ಆ ಓಟವನ್ನೇ ಬಿಟ್ಟರು. 1981ರ 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದಲ್ಲಿ ಅವರಿಗೆ ವಿಷಯ ತಿಳಿಯುವುದು ಹಡಗು ಹತ್ತುವಾಗ. ನಿಜವಾಗಿ ತಿಂಗಳುಗಳ ಮೊದಲೇ ಗೊತ್ತಿತ್ತು. ಸಿನಿಮಾದ ದೃಶ್ಯಕ್ಕಿಂತ ಇದೇ ನನ್ನ ಮನಸ್ಸಿಗೆ ತಟ್ಟುವುದು. ಆವೇಶದಲ್ಲಿ ಹೇಳಿದ ಮಾತಲ್ಲ ಅದು. ಟೀಕೆ ಕೇಳಿಸಿಕೊಳ್ಳುತ್ತಲೇ 400 ಮೀಟರಿಗೆ ತಯಾರಾದರು. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು.

ಮುಂದಿನ ವರ್ಷವೇ ಚೀನಾಕ್ಕೆ ಮಿಷನರಿಯಾಗಿ ಹೋದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಜಪಾನಿನವರು ಅವರನ್ನು ಅಲ್ಲಿನ ವೇಯ್‌ಶಿಯೆನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಆಟ ಆಡಿಸುತ್ತಿದ್ದರು. ಭಾನುವಾರ ಮಾತ್ರ ಆಟ ಬೇಡ ಅಂದಿದ್ದರು. ಹುಡುಗರು ಕೇಳಲಿಲ್ಲ, ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಆಮೇಲಿನ ಭಾನುವಾರ ರೆಫರಿಯಾಗಿ ಮೈದಾನಕ್ಕೆ ಇಳಿದವರು ಲಿಡ್ಡೆಲ್ ಅವರೇ. ತನ್ನ ಪದಕಕ್ಕಾಗಿ ಮುರಿಯದ ಭಾನುವಾರವನ್ನು ಆ ಹುಡುಗರಿಗಾಗಿ ಸಡಿಲಿಸಿದರು. 1945ರ ಫೆಬ್ರವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು.

ಟಿವಿಯಲ್ಲಿ ಯಾರಾದರೂ ಆಕಾಶಕ್ಕೆ ಬೆರಳು ತೋರಿಸಿದಾಗ ನಾನು ಈಗ ತೀರ್ಪು ಕೊಡಲು ಹೋಗುವುದಿಲ್ಲ. ಅವರ ಮುಚ್ಚಿದ ಬಾಗಿಲ ಹಿಂದೆ ಏನಿದೆಯೋ ನನಗೆ ಕಾಣುವುದಿಲ್ಲ. ಆದರೆ ನಾನೇ ನಾಲ್ಕು ಜನರ ಮುಂದೆ ಯೇಸುವಿನ ಹೆಸರು ಹೇಳುವಾಗ ಆ ಶಿಬಿರದ ಮೈದಾನ ಕಣ್ಣ ಮುಂದೆ ಬರುತ್ತದೆ.